ಇಪ್ಪತ್ತು ನಿಮಿಷದ ಆಟ, ಹತ್ತು ವಾರದ ರಿಪೇರಿ

ಒಂದು ಕಂಪ್ಯೂಟರ್ ಆಟ ಮಾಡಿ ಮುಗಿಸಲು ನನಗೆ ಆರು ವಾರಾಂತ್ಯ ಹಿಡಿಯಿತು. ಆಡಿದವರು ಬೈದದ್ದನ್ನೆಲ್ಲ ಕೇಳಿಸಿಕೊಂಡು ಸರಿಮಾಡಲು ಹತ್ತು ವಾರ ಹಿಡಿಯಿತು. ಇಲ್ಲಿ ಬರೆಯುತ್ತಿರುವುದು ಆ ಹತ್ತು ವಾರದ ಲೆಕ್ಕ.

ಆಟ ಚಿಕ್ಕದು. ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿ ಮನೆ, ಮಳೆಗಾಲದ ಸಂಜೆ, ಕರೆಂಟ್ ಹೋಗಿದೆ. ಅಜ್ಜನ ಮರದ ಪೆಟ್ಟಿಗೆಯನ್ನು ತೆರೆಯಬೇಕು. ಸುಳಿವು ಕೊಡಲು ಆಟದಲ್ಲೊಬ್ಬಳು ಅಜ್ಜಿ ಇದ್ದಾಳೆ. ಎಂಟು ದೃಶ್ಯ, ಆರು ಒಗಟು. ಬ್ರೌಸರ್‌ನಲ್ಲೇ ಆಡಬಹುದು, ಏನನ್ನೂ ಇನ್‌ಸ್ಟಾಲ್ ಮಾಡುವುದು ಬೇಡ. ಮನೆ ನಮ್ಮಜ್ಜನದ್ದೇ. ಈಗ ಅದಿಲ್ಲ, ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾರೆ. ನೆನಪಿನಿಂದ ಬರೆದೆ.

ಈ ಹುಚ್ಚು ಹತ್ತಿದ್ದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಜಪಾನಿನ ತೊಶಿಮಿತ್ಸು ತಕಾಗಿ 2004ರಲ್ಲಿ ಮಾಡಿದ್ದ ಕ್ರಿಮ್ಸನ್ ರೂಮ್ ಅನ್ನುವ ಫ್ಲ್ಯಾಶ್ ಆಟ ಅದು. ಫ್ಲ್ಯಾಶ್ ಅಂದರೆ ಬ್ರೌಸರ್ ಒಳಗೆ ಇಂಥ ಆಟ ಓಡಿಸುತ್ತಿದ್ದ ಸಾಫ್ಟ್‌ವೇರ್. ಒಂದು ಕೆಂಪು ಕೋಣೆ, ಬೀಗ ಹಾಕಿದ ಬಾಗಿಲು, ಹೊರಗೆ ಬರಬೇಕು ಅಷ್ಟೇ. ಮೂಲೆ ಮೂಲೆ ಕ್ಲಿಕ್ ಮಾಡಿ ಮಾಡಿ ಮೌಸ್ ಸವೆಸಿದ್ದೆವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತೇ ಹೋಯಿತು. ಅಂಥದ್ದೇ ಒಂದನ್ನು ಕನ್ನಡದಲ್ಲಿ ಮಾಡಬೇಕು ಅನ್ನುವ ಆಸೆ ಮಾತ್ರ ಉಳಿದಿತ್ತು. ಮೂಲೆ ಮೂಲೆ ಕ್ಲಿಕ್ ಮಾಡಿಸುವ ಆ ಕೆಟ್ಟ ಚಾಳಿಯೂ ಜೊತೆಗೇ ಉಳಿದಿತ್ತು ಅಂತ ಆಮೇಲೆ ಗೊತ್ತಾಯಿತು.

ಸಾಮಾನು ಮತ್ತು ಖರ್ಚು

ದೃಶ್ಯಗಳನ್ನೆಲ್ಲ ಎ4 ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಬಿಡಿಸಿ, ಫೋನಿನಲ್ಲಿ ಫೋಟೊ ತೆಗೆದು, ಕ್ರಿಟಾದಲ್ಲಿ ಬಣ್ಣ ತುಂಬಿದೆ. ಕ್ರಿಟಾ ಚಿತ್ರ ಬಿಡಿಸುವ ಸಾಫ್ಟ್‌ವೇರ್, ಉಚಿತ. ಕೋಡ್ ಬರೀ ಜಾವಾಸ್ಕ್ರಿಪ್ಟ್, ಎಂಜಿನ್ ಗಿಂಜಿನ್ ಏನೂ ಇಲ್ಲ. ಶಬ್ದಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಆಟ ಏರಿಸಿದ್ದು ಇಚ್ ಡಾಟ್ ಐಒ ಅನ್ನುವ ಆಟಗಳ ತಾಣದಲ್ಲಿ, ಅಲ್ಲೂ ದುಡ್ಡಿಲ್ಲ.

ಹಾಳೆ, ಪೆನ್ನು ರೂ. 310. ಪರೀಕ್ಷೆಗೆಂದು ಕೊಂಡ ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ರೂ. 2,800. ಅದಕ್ಕೊಂದು ಕೇಬಲ್ ರೂ. 150. ಆಡಲು ಬಂದವರಿಗೆ ಕಾಫಿ, ತಿಂಡಿ ರೂ. 640. ಒಟ್ಟು ರೂ. 3,900. ಇದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಹಳೇ ಫೋನು. ಅದನ್ನು ಕೊಂಡದ್ದೂ ತಡವಾಗಿ.

1. ಜನವರಿ 26, 2025, ಭಾನುವಾರ. ಆವೃತ್ತಿ 0.1

ಆಟ ಮೊದಲಿಂದ ಕೊನೆವರೆಗೆ ನಡೆಯಿತು. ನಾನೇ ಆಡಿದೆ, 6 ನಿಮಿಷ. ಉತ್ತರ ಎಲ್ಲ ಗೊತ್ತಿದ್ದವನಿಗೆ 6 ನಿಮಿಷ ಆದರೆ ಬೇರೆಯವರಿಗೆ 20 ಆಗಬಹುದು ಅಂತ ಅಂದಾಜು ಮಾಡಿದೆ. ಸುಮ್ನೆ ಅಂದಾಜು.

ಲಿಂಕನ್ನು ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಹನ್ನೊಂದು ಹೆಬ್ಬೆಟ್ಟು, ನಾಲ್ಕು "ಸೂಪರ್ ಗುರು", ಒಂದು "ನಾಸ್ಟಾಲ್ಜಿಯಾ". ಖುಷಿಯಾಗಿ ಮಲಗಿದೆ. ಮರುದಿನ ಅವರಲ್ಲಿ ಒಬ್ಬನನ್ನು ಕೇಳಿದೆ, ಪೆಟ್ಟಿಗೆಯಲ್ಲಿ ಏನಿತ್ತು ಅಂತ. "ಯಾವ ಪೆಟ್ಟಿಗೆ?" ಅಂದ. ಅವನ ಆಟ ಜಗಲಿಯಲ್ಲೇ ನಿಂತಿತ್ತು. ಅಲ್ಲಿ ಮೊದಲು ದೀಪ ಎತ್ತಿಕೊಳ್ಳಬೇಕು. ಅವನ ಪರದೆಯಲ್ಲಿ ದೀಪವೇ ಇರಲಿಲ್ಲ.

ಕಾರಣ ನಾಚಿಕೆಗೇಡಿನದು. ಕೋಡಿನಲ್ಲಿ ದೀಪದ ಚಿತ್ರದ ಹೆಸರು ಸಣ್ಣ ಎಲ್‌ನಿಂದ ಶುರು, ಫೈಲಿನಲ್ಲಿ ದೊಡ್ಡ ಎಲ್. ನನ್ನ ವಿಂಡೋಸ್ ಲ್ಯಾಪ್‌ಟಾಪ್ ಎರಡನ್ನೂ ಒಂದೇ ಅಂದುಕೊಂಡು ತೋರಿಸುತ್ತಿತ್ತು. ಸರ್ವರ್‌ಗೆ ಅವೆರಡೂ ಬೇರೆ ಬೇರೆ. ಏರಿಸಿದ ಮೇಲೆ ಆ ಲಿಂಕಿನಿಂದಲೇ ಒಂದು ಸಲ ಆಡಿ ನೋಡಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ನೋಡಿರಲಿಲ್ಲ.

ದೀಪವಿಲ್ಲದ ಆಟಕ್ಕೆ ಹನ್ನೊಂದು ಹೆಬ್ಬೆಟ್ಟು!

ಎಲ್ಲ ಫೈಲಿನ ಹೆಸರನ್ನೂ ಸಣ್ಣ ಅಕ್ಷರಕ್ಕೆ ಬದಲಿಸಿದೆ. ಅರ್ಧ ಗಂಟೆಯ ಕೆಲಸ.

2. ಫೆಬ್ರವರಿ 1, ಶನಿವಾರ. ಪಕ್ಕದಲ್ಲಿ ಕೂತು ನೋಡಿದ್ದು

ಗುಂಪಿಗೆ ಹಾಕಿ ಪ್ರಯೋಜನವಿಲ್ಲ, ಎದುರಿಗೆ ಕೂರಿಸಿ ಆಡಿಸೋಣ ಅಂತ ನಾಲ್ಕು ಜನರನ್ನು ಮನೆಗೆ ಕರೆದೆ. ಇಬ್ಬರು ಆಫೀಸಿನವರು, ಒಬ್ಬ ಪಕ್ಕದ ಮನೆಯ ಹುಡುಗ, ಮತ್ತೆ ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು. ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್, ಒಂದು ಪ್ಲೇಟ್ ಬಜ್ಜಿ.

ಮೊದಲ ಇಬ್ಬರ ಪರೀಕ್ಷೆಯನ್ನು ನಾನೇ ಹಾಳುಮಾಡಿದೆ. ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಅಲ್ಲಿ, ಅಲ್ಲಿ, ಬಲಗಡೆ ನೋಡಿ" ಅಂತ ಹೇಳುತ್ತಲೇ ಇದ್ದೆ. ಇಬ್ಬರೂ 14 ನಿಮಿಷದಲ್ಲಿ ಮುಗಿಸಿದರು. ಆ 14 ನಿಮಿಷಕ್ಕೆ ಯಾವ ಬೆಲೆಯೂ ಇಲ್ಲ, ಅಲ್ವಾ? ಮೂರನೆಯವರಿಂದ ನಿಯಮ ಮಾಡಿಕೊಂಡೆ: ಹಿಂದೆ ಕೂರಬೇಕು, ಎರಡೂ ಕೈ ತೊಡೆಯ ಕೆಳಗೆ, ಕೇಳಿದರೂ ಉತ್ತರ ಕೊಡಬಾರದು.

ಅಕ್ಕನ ಮಗಳು ಫೋನಿನಲ್ಲೇ ಆಡುತ್ತೇನೆ ಅಂದಳು. ಸರಿ ಅಂದೆ. ನಡುಮನೆಯ ದೃಶ್ಯದಲ್ಲಿ ಗೋಡೆಯ ಮೊಳೆಗೆ ಒಂದು ಬೀಗದ ಕೈ ನೇತುಹಾಕಿದೆ. ಅವಳು ಅಲ್ಲಿ 9 ನಿಮಿಷ ಸಿಕ್ಕಿಕೊಂಡಳು. ನನ್ನ ನೋಟ್‌ಬುಕ್ಕಿನಲ್ಲಿ "ಒಗಟು ಕಷ್ಟವಾಯಿತು" ಅಂತ ಬರೆದುಕೊಂಡೆ. ಆಮೇಲೆ ಅವಳನ್ನೇ ಕೇಳಿದೆ.

"ಮಾಮ, ಅದು ಬೀಗದ ಕೈ ಅಂತ ಮೊದಲೇ ಗೊತ್ತಾಯ್ತು. ಮೂರು ಸಲ ಮುಟ್ಟಿದೆ. ಬರಲಿಲ್ಲ. ಅದು ಬರೀ ಚಿತ್ರ ಇರಬೇಕು ಅಂತ ಬಿಟ್ಟೆ."

ನೋಟ್‌ಬುಕ್ಕಿನ ಸಾಲನ್ನು ಹೊಡೆದು ಹಾಕಿದೆ. ಸ್ಕೇಲ್ ಹಿಡಿಯದೆ ಲೆಕ್ಕ ಹಾಕಿ ನೋಡಿದೆ. ಮೂಲ ಚಿತ್ರ 1600 ಪಿಕ್ಸೆಲ್ ಅಗಲ. ಅದರಲ್ಲಿ ಬೀಗದ ಕೈ 60 ಪಿಕ್ಸೆಲ್. ಫೋನನ್ನು ನೆಟ್ಟಗೆ ಹಿಡಿದಾಗ ಪರದೆಯ ಅಗಲ 360. ಅಂದರೆ ಬೀಗದ ಕೈ ಅಲ್ಲಿ 13.5 ಪಿಕ್ಸೆಲ್. ಅಡ್ಡ ಹಿಡಿದರೂ 24 ದಾಟುವುದಿಲ್ಲ. ಬೆರಳಿಂದ ಮುಟ್ಟುವ ಜಾಗ ಆಪಲ್‌ನವರ ಪ್ರಕಾರ 44, ಆಂಡ್ರಾಯ್ಡ್‌ನವರ ಪ್ರಕಾರ 48 ಇರಬೇಕು. ನಾನು ಎಂಟನೇ ಕ್ಲಾಸಿನ ಹುಡುಗಿಗೆ ಒಗಟು ಕೊಟ್ಟಿರಲಿಲ್ಲ, ಸೂಜಿಗೆ ದಾರ ಪೋಣಿಸಲು ಕೊಟ್ಟಿದ್ದೆ.

ಅವತ್ತೇ ಸಂಜೆ ಹೋಗಿ ಆ ಹಳೇ ಫೋನ್ ಕೊಂಡೆ.

3. ಫೆಬ್ರವರಿ 2ರಿಂದ 9. ಮುಟ್ಟುವ ಜಾಗ

ಮೊದಲ ಪ್ರಯತ್ನ: ಬೀಗದ ಕೈಯನ್ನೇ ದೊಡ್ಡದಾಗಿ ಬರೆದೆ. ಗೋಡೆಗೆ ಗುದ್ದಲಿ ನೇತುಹಾಕಿದ ಹಾಗೆ ಕಂಡಿತು. ಅಳಿಸಿದೆ.

ಎರಡನೇ ಪ್ರಯತ್ನ: ಚಿತ್ರ ಹಾಗೇ ಬಿಟ್ಟು, ಅದರ ಸುತ್ತ ಕಾಣದ ಚೌಕವನ್ನು ದೊಡ್ಡದು ಮಾಡಿದೆ. ಯಾವ ಪರದೆಯಾದರೂ ಕನಿಷ್ಠ 48 ಪಿಕ್ಸೆಲ್ ಇರುವ ಹಾಗೆ. ಬೀಗದ ಕೈ ಸರಿಹೋಯಿತು. ಆದರೆ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಮತ್ತು ಉಪ್ಪಿನ ಮರಿಗೆ ಅಕ್ಕಪಕ್ಕ ಇವೆ. ಎರಡರ ಚೌಕವೂ ಒಂದರ ಮೇಲೊಂದು ಬಂತು. ಬೆಂಕಿಪೊಟ್ಟಣ ಮುಟ್ಟಿದರೆ "ಉಪ್ಪು ನೀರೊಡೆದಿದೆ" ಅನ್ನುವ ಸಾಲು ಬರುತ್ತಿತ್ತು.

ಮೂರನೆಯದು ನಿಂತಿತು: ಮುಟ್ಟಿದ ಜಾಗಕ್ಕೆ ಅತಿ ಹತ್ತಿರದ ವಸ್ತು ಯಾವುದೋ ಅದನ್ನೇ ಆರಿಸು, 30 ಪಿಕ್ಸೆಲ್ ಒಳಗೆ ಏನೂ ಇಲ್ಲದಿದ್ದರೆ ಸುಮ್ಮನಿರು. ಕೋಡಿನಲ್ಲಿ ಹದಿನೆಂಟು ಸಾಲು. ಚೌಕಗಳನ್ನೆಲ್ಲ ಕಿತ್ತುಹಾಕಿದೆ. ಮೊದಲೇ ಹೀಗೆ ಮಾಡಬಹುದಿತ್ತು.

ಅದೇ ವಾರ ಹಳೇ ಫೋನಿನಲ್ಲಿ ಆಟ ತೆರೆದುಕೊಳ್ಳಲು 40 ಸೆಕೆಂಡ್ ಹಿಡಿಯುತ್ತದೆ ಅಂತಲೂ ಗೊತ್ತಾಯಿತು. ಎಂಟು ಪಿಎನ್‌ಜಿ ಚಿತ್ರ, ಒಟ್ಟು 23 ಎಂಬಿ. ಚಿತ್ರವನ್ನು ಹಗುರವಾಗಿ ಉಳಿಸುವ ಬಗೆಯಾದ ವೆಬ್‌ಪಿಗೆ ಬದಲಿಸಿದ ಮೇಲೆ 3.4 ಎಂಬಿ. ಕಣ್ಣಿಗೆ ವ್ಯತ್ಯಾಸವೇ ಇಲ್ಲ.

4. ಫೆಬ್ರವರಿ 15, ಶನಿವಾರ. ಅಕ್ಷರ ಒಡೆದದ್ದು

ಮಾತುಗಳು ಒಂದೊಂದೇ ಅಕ್ಷರವಾಗಿ ಟೈಪ್ ಆಗುವ ಹಾಗೆ ಮಾಡಿದ್ದೆ. ಇಂಗ್ಲಿಷ್ ಆಟಗಳಲ್ಲಿ ನೋಡಿ ಆಸೆಪಟ್ಟದ್ದು. ಆಫೀಸಿನವರೊಬ್ಬರು ಫೆಬ್ರವರಿ 1ರಂದೇ ಹೇಳಿದ್ದರು: "ಓದೋಕೆ ಒಂಥರಾ ಕಣ್ಣು ಕುಟುಕುತ್ತೆ." ವೇಗ ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿದ್ದೆ. ನಿಧಾನ ಮಾಡಿದ ಮೇಲೆ ಇನ್ನೂ ಕೆಟ್ಟದಾಯಿತು, ಯಾಕೆಂದರೆ ಆಗ ತಪ್ಪು ಚೆನ್ನಾಗಿ ಕಾಣತೊಡಗಿತು.

"ಅಜ್ಜ" ಅನ್ನುವುದು ಬರುವಾಗ ಮೊದಲು ಅ, ಆಮೇಲೆ ಜ, ಆಮೇಲೆ ಜ್, ಕೊನೆಗೆ ಜ್ಜ. ಪ್ರತಿ ಒತ್ತಕ್ಷರದಲ್ಲೂ ಅಕ್ಷರ ಮೂರು ಸಲ ವೇಷ ಬದಲಿಸುತ್ತಿತ್ತು. "ಲಕ್ಷ್ಮಿ" ಬರುವಾಗಂತೂ ಯಕ್ಷಗಾನ. ಕಂಪ್ಯೂಟರಿಗೆ ಜ, ಹಲಂತ (ಜ-ವನ್ನು ಜ್ ಮಾಡುವ ಗುರುತು), ಜ ಮೂರೂ ಬೇರೆ ಬೇರೆ ಚಿಹ್ನೆ. ನಾನು ಒಂದೊಂದೇ ಚಿಹ್ನೆ ಬಿಡುಗಡೆ ಮಾಡುತ್ತಿದ್ದೆ.

ಬ್ರೌಸರ್‌ನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಬಳಸಿದೆ. ಅಕ್ಷರಗಳನ್ನು ಸರಿಯಾಗಿ ತುಂಡು ಮಾಡಿಕೊಡುವುದೇ ಅದರ ಕೆಲಸ. ಗುಣಿತಾಕ್ಷರ ಸರಿಹೋಯಿತು, "ಕಿ", "ಕೋ" ಒಂದೇ ಸಲಕ್ಕೆ ಬಂದವು. ಒತ್ತಕ್ಷರ ಮಾತ್ರ ಹಠ ಬಿಡಲಿಲ್ಲ. ನನ್ನ ಕ್ರೋಮ್‌ನಲ್ಲಿ ಅದೇ ಪರೀಕ್ಷೆಯನ್ನು ತೆಲುಗು ಪದಕ್ಕೆ ಮಾಡಿದರೆ ಒತ್ತು ಕೂಡಿಕೊಂಡೇ ಬಂತು, ಕನ್ನಡಕ್ಕೆ ಒಡೆದು ಬಂತು. ಹೊಟ್ಟೆಕಿಚ್ಚಾಯಿತು.

ಕೊನೆಗೆ ಕೈಯಿಂದಲೇ ಹೊಲಿಗೆ ಹಾಕಿದೆ. ಸೆಗ್ಮೆಂಟರ್ ಕೊಟ್ಟ ತುಂಡು ಹಲಂತದಲ್ಲಿ ಮುಗಿದರೆ ಮುಂದಿನ ತುಂಡನ್ನೂ ಅದಕ್ಕೇ ಅಂಟಿಸು. ನಾಲ್ಕು ಸಾಲು. "ಬಸ್" ತರಹದ ಪದ ಬಂದರೆ ಪಕ್ಕದ ಖಾಲಿ ಜಾಗ ಅದಕ್ಕೆ ಅಂಟಿಕೊಳ್ಳುತ್ತದೆ, ಅದರಿಂದ ತೊಂದರೆಯೇನಿಲ್ಲ. ಕನ್ನಡದಲ್ಲಿ ಆಟ ಮಾಡುವವರು ಈ ನಾಲ್ಕು ಸಾಲನ್ನು ಮೊದಲ ದಿನವೇ ಹಾಕಿಕೊಳ್ಳಿ. ಜೊತೆಗೆ, ಪರದೆ ಮುಟ್ಟಿದರೆ ಇಡೀ ಸಾಲು ಒಮ್ಮೆಗೇ ಬರುವ ಹಾಗೆಯೂ ಮಾಡಿದೆ. ಟೈಪ್ ಆಗುವುದನ್ನು ಕಾಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

5. ಫೆಬ್ರವರಿ 26, ಶಿವರಾತ್ರಿ. ಆವೃತ್ತಿ 0.5

ಹೇಗೂ ಜಾಗರಣೆ, ಜನ ಎಚ್ಚರವಿರುತ್ತಾರೆ ಅಂತ ಅವತ್ತೇ ಎಲ್ಲರಿಗೂ ತೆರೆದೆ. ಆಟದ ಕೊನೆಯಲ್ಲಿ ಒಂದು ಗೂಗಲ್ ಫಾರ್ಮ್ ಇಟ್ಟೆ, ಹನ್ನೊಂದು ಪ್ರಶ್ನೆ. "ಒಗಟುಗಳ ಕಷ್ಟವನ್ನು 1ರಿಂದ 5ರವರೆಗೆ ಅಳೆಯಿರಿ", "ವಾತಾವರಣ ಹೇಗನ್ನಿಸಿತು", ಇಂಥವು.

ನಾಲ್ಕು ದಿನದಲ್ಲಿ ಮೂರು ಉತ್ತರ. ಮೂರರಲ್ಲೂ ಎಲ್ಲದಕ್ಕೂ 4. ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂದರೆ ಚೆನ್ನಾಗಿತ್ತು ಅನ್ನುವುದಿಲ್ಲವೇ, ಹಾಗೆ.

ತಪ್ಪು ಎರಡು. ಪ್ರಶ್ನೆ ಜಾಸ್ತಿ, ಅದು ಒಂದು. ದೊಡ್ಡ ತಪ್ಪೆಂದರೆ ಫಾರ್ಮನ್ನು ಕೊನೆಯಲ್ಲಿಟ್ಟದ್ದು. ಕೊನೆಯವರೆಗೆ ಬಂದವರಿಗೆ ತೊಂದರೆಯೇ ಆಗಿರಲಿಲ್ಲ! ನನಗೆ ಬೇಕಾದ್ದು ಮಧ್ಯದಲ್ಲಿ ಬಿಟ್ಟು ಹೋದವರ ಮಾತು.

ಫಾರ್ಮ್ ತೆಗೆದೆ. ಅದರ ಬದಲು ಮೆನುವಿನಲ್ಲಿ "ಚೀಟಿ" ಅಂತ ಒಂದು ಗುಂಡಿ. ಯಾವ ದೃಶ್ಯದಲ್ಲಿದ್ದರೂ ಒತ್ತಬಹುದು. ಒತ್ತಿದರೆ ಒಂದು ಸಾಲು ಕಾಪಿ ಆಗುತ್ತದೆ: ಯಾವ ದೃಶ್ಯ, ಎಷ್ಟು ನಿಮಿಷ, ಎಷ್ಟು ಸುಳಿವು ತೆಗೆದರು, ಖಾಲಿ ಜಾಗವನ್ನು ಎಷ್ಟು ಸಲ ಮುಟ್ಟಿದರು. ಅದನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ನನಗೆ ಕಳಿಸಿದರೆ ಆಯಿತು. ಸರ್ವರ್ ಬೇಡ, ಯಾರದ್ದೂ ಹೆಸರು, ನಂಬರ್ ಕದ್ದು ನೋಡುವುದೂ ಬೇಡ. ಕೆಳಗೆ ಒಂದೇ ಪ್ರಶ್ನೆ: "ಈಗ ಏನು ಮಾಡಲು ನೋಡುತ್ತಿದ್ದೀರಿ?"

ಎರಡು ವಾರದಲ್ಲಿ 31 ಚೀಟಿ ಬಂದವು. ಆ "ಖಾಲಿ ಜಾಗ ಮುಟ್ಟಿದ್ದು" ಅನ್ನುವ ಅಂಕಿಯೇ ಬಂಗಾರ. ಹತ್ತರ ಒಳಗಿದ್ದರೆ ಆ ಮನುಷ್ಯ ಯೋಚಿಸುತ್ತಿದ್ದಾನೆ. ಎಂಬತ್ತು, ನೂರು ಇದ್ದರೆ ಯೋಚನೆ ನಿಲ್ಲಿಸಿ ಕತ್ತಲಲ್ಲಿ ಗೋಡೆ ಸವರುತ್ತಿದ್ದಾನೆ. "ತುಂಬಾ ಕಷ್ಟ" ಅಂತ ಬರೆದ ಹದಿಮೂರು ಚೀಟಿಗಳಲ್ಲಿ ಹತ್ತರಲ್ಲಿ ಈ ಅಂಕಿ ಅರವತ್ತು ದಾಟಿತ್ತು. ಅಷ್ಟು ದಿನ ನಾನು ಒಗಟು ಸುಲಭ ಮಾಡಬೇಕೇನೋ ಅಂತ ತಲೆ ಕೆಡಿಸಿಕೊಂಡಿದ್ದೆ. ಒಗಟಿನವರೆಗೆ ಅವರು ಬಂದೇ ಇರಲಿಲ್ಲ.

6. ಮಾರ್ಚ್ 8 ಮತ್ತು 9. ಗಡಿಯಾರ

ಚೀಟಿಗಳಲ್ಲಿ ಒಂಬತ್ತು ಒಂದೇ ಕಡೆ ನಿಂತಿದ್ದವು. ಜಗಲಿಯ ಗೋಡೆ ಗಡಿಯಾರ. ಆಟ ಶುರುವಾದ ಕೂಡಲೇ ಅದು ನಾಲ್ಕು ಸಲ ಹೊಡೆಯುತ್ತದೆ. ಮುಳ್ಳು ಮಾತ್ರ ಆರಕ್ಕೆ ನಿಂತಿದೆ. ಆ ನಾಲ್ಕನ್ನು ನೆನಪಿಟ್ಟುಕೊಳ್ಳಬೇಕು. ನನಗೆ ತುಂಬಾ ಹೆಮ್ಮೆಯಿದ್ದ ಒಗಟು.

ಒಬ್ಬರು ಬರೆದಿದ್ದರು: "ಗಡಿಯಾರ ಹೊಡೆಯಿತು ಅಂತ ಅಜ್ಜಿ ಹೇಳುತ್ತಾಳೆ. ಯಾವಾಗ ಹೊಡೆಯಿತು?"

ಕ್ರೋಮ್ 2018ರಿಂದಲೇ, ಆಡುವವರು ಒಂದು ಸಲವಾದರೂ ಮುಟ್ಟುವ ತನಕ ಪುಟದಿಂದ ಶಬ್ದ ಬರಲು ಬಿಡುವುದಿಲ್ಲ. ಜಾಹೀರಾತು ತಾನಾಗಿ ಕಿರುಚಬಾರದು ಅಂತ ಮಾಡಿದ ನಿಯಮ, ಒಳ್ಳೆಯದೇ. ನನ್ನ ಗಡಿಯಾರವೂ ಅದರಲ್ಲಿ ಸಿಕ್ಕಿಬಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಯಾಕೆ ಕೇಳಿಸುತ್ತಿತ್ತು? ದಿನಕ್ಕೆ ಇಪ್ಪತ್ತು ಸಲ ಅದೇ ಪುಟದಲ್ಲಿ ಕ್ಲಿಕ್ ಮಾಡುವವನು ನಾನು. ಬ್ರೌಸರ್‌ಗೆ ನನ್ನ ಮೇಲೆ ನಂಬಿಕೆ ಬಂದಿತ್ತು.

ಮೊದಲು "ಬಾಗಿಲು ತಟ್ಟಿ" ಅನ್ನುವ ಪರದೆ ಹಾಕಿದೆ. ಬಾಗಿಲನ್ನು ಮುಟ್ಟಿದ ಮೇಲೇ ಆಟ ಶುರು, ಆಗ ಶಬ್ದಕ್ಕೂ ಅಪ್ಪಣೆ ಸಿಗುತ್ತದೆ. ಸರಿಹೋಯಿತು ಅಂದುಕೊಂಡು ಏರಿಸಿದೆ. ಮರುದಿನವೇ ಇನ್ನೊಂದು ಚೀಟಿ, ಅದೇ ಜಾಗದಿಂದ. ಅವರದ್ದು ಐಫೋನ್, ಪಕ್ಕದ ಸ್ವಿಚ್ ಸೈಲೆಂಟಿನಲ್ಲಿತ್ತು. ಇನ್ನೊಬ್ಬರು ಬಸ್ಸಿನಲ್ಲಿ ಶಬ್ದ ತೆಗೆದು ಆಡಿದವರು. ಕಿವಿ ಸರಿಯಾಗಿ ಕೇಳದವರ ವಿಷಯ ನಾನು ಯೋಚಿಸಿಯೇ ಇರಲಿಲ್ಲ.

ಈಗ ಗಡಿಯಾರ ಹೊಡೆದಾಗ ಪ್ರತಿ ಸಲವೂ "ಢಣ್" ಅನ್ನುವ ಅಕ್ಷರ ಗೋಡೆಯ ಮೇಲೆ ಮೂಡುತ್ತದೆ, ಮೇಲಿನ ಜೇಡರ ಬಲೆ ಅಲುಗುತ್ತದೆ. ಗಡಿಯಾರವನ್ನು ಮುಟ್ಟಿದರೆ ಮತ್ತೆ ಹೊಡೆಯುತ್ತದೆ. ಆಮೇಲೆ ಆ ಜಾಗದಿಂದ ಚೀಟಿ ಬಂದಿಲ್ಲ.

ಸುಳಿವಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 60 ಸೆಕೆಂಡ್ ಏನೂ ಮಾಡದಿದ್ದರೆ ಅಜ್ಜಿ ತಾನಾಗಿ ಸುಳಿವು ಕೊಡುವ ಹಾಗೆ ಒಂದು ವಾರ ಇಟ್ಟಿದ್ದೆ. "ಯೋಚನೆ ಮಾಡ್ತಾ ಇದ್ದೆ, ಅಷ್ಟರಲ್ಲಿ ಬಾಯಿ ಹಾಕಿದ್ರು ನಿಮ್ಮಜ್ಜಿ" ಅಂತ ಒಬ್ಬರು ನಿಜಕ್ಕೂ ಸಿಟ್ಟಾದರು. ಈಗ ಕೇಳಿದರೆ ಮಾತ್ರ ಅಜ್ಜಿ ಮಾತಾಡುತ್ತಾಳೆ, ಮೂರು ಸಲ, ಮೂರನೆಯದರಲ್ಲಿ ಉತ್ತರವನ್ನೇ ಹೇಳುತ್ತಾಳೆ.

7. ಮಾರ್ಚ್ 15. ಬಿಳಿ ಪರದೆ

ಇದು ನನ್ನ ಅತಿ ದೊಡ್ಡ ಎಡವಟ್ಟು.

ಉಪ್ಪಿನ ಮರಿಗೆಯಿಂದ ಯಾವ ಉಪಯೋಗವೂ ಇಲ್ಲ, ಎಲ್ಲರೂ ಅದನ್ನು ಹೊತ್ತುಕೊಂಡು ಮನೆಯೆಲ್ಲ ತಿರುಗುತ್ತಾರೆ ಅಂತ ತೆಗೆದುಹಾಕಿದೆ. ಶನಿವಾರ ಬೆಳಗ್ಗೆ ಏರಿಸಿದೆ. ಮಧ್ಯಾಹ್ನದೊಳಗೆ ಐದು ಜನರಿಂದ ಒಂದೇ ದೂರು: ಆಟ ತೆರೆದರೆ ಬರೀ ಬಿಳಿ.

ಆಟ ಎಲ್ಲಿಗೆ ಬಂತು ಅನ್ನುವುದನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸುತ್ತಿದ್ದೆ, ಅಂದರೆ ಆಡುವವರ ಫೋನು, ಕಂಪ್ಯೂಟರಿನಲ್ಲೇ. ಅರ್ಧ ಆಡಿದ್ದವರ ಚೀಲದಲ್ಲಿ ಉಪ್ಪಿನ ಮರಿಗೆ ಇತ್ತು. ಹೊಸ ಕೋಡಿಗೆ ಅದು ಯಾರೋ ಗೊತ್ತಿಲ್ಲ. ಅಲ್ಲೇ ಕುಸಿದು ಬಿತ್ತು. ಮತ್ತೆ ತೆರೆದರೂ ಅದೇ, ಯಾಕೆಂದರೆ ಉಳಿಸಿದ್ದನ್ನು ಮೊದಲು ಓದುವುದೇ ಅದರ ಅಭ್ಯಾಸ. ಅವರ ಮಟ್ಟಿಗೆ ಆಟ ಶಾಶ್ವತವಾಗಿ ಸತ್ತಂತೆ.

ಹಳೇ ಆವೃತ್ತಿಯನ್ನು ವಾಪಸ್ ಹಾಕಿದೆ. ಆಮೇಲೆ ಮಾಡಿದ್ದು ಇಷ್ಟು. ಉಳಿಸುವಾಗ ಆವೃತ್ತಿಯ ನಂಬರನ್ನೂ ಜೊತೆಗೆ ಬರೆಯುವುದು. ಗೊತ್ತಿಲ್ಲದ ವಸ್ತು ಕಂಡರೆ ಬಿಟ್ಟುಬಿಡುವುದು. ಏನೇ ತಪ್ಪಾದರೂ ಬಿಳಿ ಪರದೆಯ ಬದಲು "ಮೊದಲಿಂದ ಶುರುಮಾಡಿ" ಅನ್ನುವ ಗುಂಡಿ ತೋರಿಸುವುದು. ಹಳೇ ಫೋನಿನಲ್ಲಿ ಮೂರು ಹಂತದ ಹಳೇ ಉಳಿಕೆಗಳನ್ನು ಇಟ್ಟುಕೊಂಡಿದ್ದೇನೆ. ಏರಿಸುವ ಮೊದಲು ಮೂರನ್ನೂ ತೆರೆದು ನೋಡುತ್ತೇನೆ.

ಬಿಳಿ ಪರದೆ ನೋಡಿದ ಐವರಲ್ಲಿ ಇಬ್ಬರು ಮತ್ತೆ ಬರಲಿಲ್ಲ. ಕ್ಷಮೆ ಕೇಳಿ ಬರೆದೆ, ಉತ್ತರವಿಲ್ಲ. ಅವರದ್ದು ತಪ್ಪೇನಿಲ್ಲ.

8. ಮಾರ್ಚ್ 22 ಮತ್ತು 23. ಬಳೆ, ಅಂಕಿ, ಪಾವು

ಒಂದೇ ವಾರಾಂತ್ಯದಲ್ಲಿ ಮೂರು ರಿಪೇರಿ.

ಬಳೆ: ಕೆಂಪು, ಹಸಿರು ಬಳೆಗಳನ್ನು ಫೋಟೊದಲ್ಲಿರುವ ಕ್ರಮದಲ್ಲಿ ಜೋಡಿಸಬೇಕು. ಕಾಲೇಜಿನ ಗೆಳೆಯನೊಬ್ಬ ಚೀಟಿಯಲ್ಲಿ ಬರೆದ: "ಎಲ್ಲ ಬಳೆಯೂ ಒಂದೇ ಬಣ್ಣ ಇದೆಯಲ್ಲೋ." ಅವನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಹದಿನೈದು ವರ್ಷದ ಗೆಳೆತನ, ನನಗೆ ಗೊತ್ತೇ ಇರಲಿಲ್ಲ. ಹಸಿರು ಬಳೆಗೆ ಗೀರು ಹಾಕಿದೆ, ಕೆಂಪು ಬಳೆಯನ್ನು ದಪ್ಪ ಮಾಡಿದೆ. ಫೋನನ್ನು ಕಪ್ಪು ಬಿಳುಪಿಗೆ ಹಾಕಿ ನಾನೇ ಆಡಿ ನೋಡಿದೆ. ಬಂತು.

ಅಂಕಿ: ಪೆಟ್ಟಿಗೆಯ ಬೀಗದಲ್ಲಿ ಕನ್ನಡ ಅಂಕಿಗಳು. ಗೋಡೆಯ ಕ್ಯಾಲೆಂಡರಿನಿಂದ ಮೂರು ಅಂಕಿ ಓದಿ ತಿರುಗಿಸಬೇಕು. "ಉತ್ತರ ತಪ್ಪಿದೆ, ಸರಿಯಾಗಿ ಹಾಕಿದರೂ ತೆರೆಯುವುದಿಲ್ಲ" ಅಂತ ಆರು ಜನ. ನನ್ನ ಕೈಬರಹದಲ್ಲಿ ೬ ಮತ್ತು ೯ ಅವಳಿಜವಳಿ. ಅಳಿಸಿ ಹೊಸದಾಗಿ ಬರೆದೆ, ಸಾಲದು ಅಂತ ಉತ್ತರವನ್ನೇ ಬದಲಿಸಿದೆ. ಈಗ ಅದರಲ್ಲಿ ಆರೂ ಇಲ್ಲ, ಒಂಬತ್ತೂ ಇಲ್ಲ. ಕನ್ನಡ ಅಂಕಿ ಓದಲು ಬಾರದ ಮಕ್ಕಳಿಗಾಗಿ ಜಗಲಿಯಲ್ಲಿ ಒಂದು ಮಗ್ಗಿ ಪುಸ್ತಕ ಇಟ್ಟೆ, ಅದರಲ್ಲಿ ಎರಡೂ ಬಗೆಯ ಅಂಕಿ ಅಕ್ಕಪಕ್ಕ ಇವೆ. ಅಕ್ಕನ ಮಗಳು ಅದನ್ನು ನೋಡಿ, "ಇದು ಮೊದಲೇ ಇರಬೇಕಿತ್ತು" ಅಂದಳು. ಇರಬೇಕಿತ್ತು ಹೌದು.

ಪಾವು: ಇದು ಸ್ವಲ್ಪ ಬೇರೆ. ಅಜ್ಜನ ಲೆಕ್ಕದ ಪುಸ್ತಕದಲ್ಲಿ "ಒಂದೂವರೆ ಸೇರು ಅಕ್ಕಿ" ಅಂತ ಇದೆ. ಕೈಯಲ್ಲಿರುವುದು ಪಾವು. ಎಷ್ಟು ಪಾವು ಹಾಕಬೇಕು? ನಮ್ಮ ಕಡೆಯ ಯಾರನ್ನು ಕೇಳಿದರೂ ಆರು ಅನ್ನುತ್ತಾರೆ, ಸೇರಿಗೆ ನಾಲ್ಕು ಪಾವು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು ಪಾವು ಅಂದರೆ ಪಾವ್‌ಭಾಜಿಯದ್ದಾ ಅಂದರು. ಅಮೆರಿಕದಲ್ಲಿರುವ ಗೆಳತಿಯೊಬ್ಬಳು ಮಗನ ಜೊತೆ ಕೂತು ಆಡಿ, "ಇದನ್ನು ಅವನಿಗೆ ವಿವರಿಸಲು ಅಮ್ಮನಿಗೆ ಫೋನ್ ಮಾಡಬೇಕಾಯಿತು" ಅಂತ ಬರೆದಳು. ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಕೇಳಿದೆ. ಎರಡೂ ಅಂದಳು.

ಮೊದಲು ಲೆಕ್ಕದ ಪುಸ್ತಕದಲ್ಲೇ "1 ಸೇರು = 4 ಪಾವು" ಅಂತ ಬರೆದುಬಿಟ್ಟೆ. ಒಗಟು ಸತ್ತುಹೋಯಿತು, ಮೂರನೇ ಕ್ಲಾಸಿನ ಗಣಿತ ಆಯಿತು. ಅದನ್ನು ತೆಗೆದು, ಸೇರನ್ನೂ ಕಣಜದ ಪಕ್ಕ ಇಟ್ಟೆ. ಪಾವಿನಿಂದ ಸೇರಿಗೆ ಸುರಿಯಬಹುದು. ಒಂದೊಂದು ಪಾವಿಗೂ ಅಕ್ಕಿ ಕಾಲು ಭಾಗ ಏರುವುದು ಕಾಣುತ್ತದೆ. ಗೊತ್ತಿದ್ದವರು ನೇರವಾಗಿ ಆರು ಹಾಕುತ್ತಾರೆ, ಗೊತ್ತಿಲ್ಲದವರು ಸುರಿದು ನೋಡಿ ಕಂಡುಕೊಳ್ಳುತ್ತಾರೆ. ಅಕ್ಕಿ ಸುರಿಯುವ ಶಬ್ದವನ್ನು ಅಡುಗೆಮನೆಯಲ್ಲಿ ರೆಕಾರ್ಡ್ ಮಾಡುವಾಗ ಅರ್ಧ ಕೆಜಿ ಸೋನಾ ಮಸೂರಿ ನೆಲದ ಪಾಲಾಯಿತು. ಅದು ಖರ್ಚಿನ ಪಟ್ಟಿಯಲ್ಲಿಲ್ಲ.

ಕೊನೆಯ ಒಗಟು ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಹರಳು, ಒಟ್ಟು 56. ನನ್ನ ಮಣೆಯಲ್ಲಿ ಆಟ ಅರ್ಧಕ್ಕೆ ನಿಂತ ಹಾಗೆ ಹರಳು ಚೆಲ್ಲಾಪಿಲ್ಲಿ, ಒಟ್ಟು 55. ಒಂದು ಕಳೆದಿದೆ ಅಂತ ಎಣಿಸಿ ಕಂಡುಹಿಡಿಯಬೇಕಿತ್ತು. ಯಾರೂ ಎಣಿಸಲಿಲ್ಲ. ಒಬ್ಬರೂ ಇಲ್ಲ. ಈಗ ಹದಿಮೂರು ಗುಳಿಯಲ್ಲಿ ನಾಲ್ಕು ನಾಲ್ಕು, ಒಂದರಲ್ಲಿ ಮೂರು. ನೋಡಿದ ಕೂಡಲೇ ಕಾಣುತ್ತದೆ. ಮನಸ್ಸಿಗೆ ಸ್ವಲ್ಪ ನೋವಾಯಿತು, ನಿಜ.

9. ಮಾರ್ಚ್ 30, ಯುಗಾದಿ. ಅತ್ತೆ

ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಪ್ಪನ ಅಕ್ಕ, ನನ್ನ ಅತ್ತೆ, ಆ ಮನೆಯಲ್ಲೇ ಹುಟ್ಟಿ ಬೆಳೆದವರು. ವಯಸ್ಸು 74. ಲ್ಯಾಪ್‌ಟಾಪ್ ಮುಂದಿಟ್ಟು, ಮೌಸ್ ಹಿಡಿಯುವುದು ಹೇಗೆ ಅಂತ ತೋರಿಸಿ, ನಾನು ಹಿಂದೆ ಕೂತೆ. ಕೈ ತೊಡೆಯ ಕೆಳಗೆ.

ದೀಪ, ಬಳೆ, ಪಾವು ಎಲ್ಲ ಸರಸರ ಆಯಿತು. ಆರು ಪಾವು ಹಾಕುವಾಗ ಎಣಿಸಲೂ ಇಲ್ಲ. ಆಮೇಲೆ ನಡುಮನೆಯಲ್ಲಿ ನಿಂತುಬಿಟ್ಟರು. ಅಟ್ಟಕ್ಕೆ ಹೋಗಬೇಕು, ಏಣಿ ಎದುರಿಗೇ ಇದೆ, ದೇವರ ಕೋಣೆಯ ಬಾಗಿಲ ಪಕ್ಕ, ದೊಡ್ಡದಾಗಿ. ಅತ್ತೆ ಅದನ್ನು ಬಿಟ್ಟು ಬಚ್ಚಲ ಕಡೆಗೆ ಹೋದರು. ಹಂಡೆಯ ಹಿಂದೆ ಮುಟ್ಟಿದರು. ಮತ್ತೆ ಮುಟ್ಟಿದರು. ಇಪ್ಪತ್ತು ನಿಮಿಷ. ನಾನು ಸುಮ್ಮನೇ ಕೂತಿದ್ದೆ, ಎಂಟು ವಾರದಿಂದ ಕಲಿತ ನಿಯಮ.

ಕೊನೆಗೆ ಅತ್ತೆಯೇ ತಿರುಗಿದರು.

"ಏಣಿ ಎಲ್ಲಿಟ್ಟಿದ್ದೀಯ ಮಾರಾಯ?"

"ಅಲ್ಲೇ ಇದೆಯಲ್ಲ ಅತ್ತೆ, ದೇವರ ಕೋಣೆ ಪಕ್ಕ."

"ಅಲ್ಲಿ ಯಾರು ಏಣಿ ಇಡ್ತಾರೆ? ಏಣಿ ಇದ್ದದ್ದು ಬಚ್ಚಲ ಬಾಗಿಲಲ್ಲಿ. ಹೊಗೆಗೆ ಕಪ್ಪಾಗಿತ್ತು. ಮೂರನೇ ಮೆಟ್ಟಿಲು ಮುರಿದು ನಿಮ್ಮಪ್ಪ ಬಿದ್ದಿದ್ದ."

ಚೀಟಿ ಒತ್ತಿಸಿದೆ. ದೃಶ್ಯ 5, 41 ನಿಮಿಷ, ಸುಳಿವು 0, ಖಾಲಿ ಜಾಗ 112.

10. ಏಪ್ರಿಲ್ 6, ಭಾನುವಾರ. ಆವೃತ್ತಿ 1.0

ಏಣಿಯನ್ನು ಬಚ್ಚಲ ಬಾಗಿಲಿಗೆ ಸರಿಸಿದೆ. ಎರಡು ದೃಶ್ಯಗಳನ್ನು ಹೊಸದಾಗಿ ಬಿಡಿಸಬೇಕಾಯಿತು, ಒಂದೂವರೆ ದಿನದ ಕೆಲಸ. ಕಪ್ಪು ಬಣ್ಣ ಜಾಸ್ತಿಯಾಗಿ ಹಳೇ ಫೋನಿನಲ್ಲಿ ಏಣಿ ಕಾಣಲೇ ಇಲ್ಲ, ಹಂಡೆಯ ಒಲೆಯಲ್ಲಿ ಸ್ವಲ್ಪ ಕೆಂಡ ಹಾಕಿ ಬೆಳಕು ಕೊಟ್ಟೆ. ಹಳೇ ಉಳಿಕೆ ಮೂರನ್ನೂ ತೆರೆದು ನೋಡಿದೆ, ಮೂರೂ ತೆರೆದವು. ರಾತ್ರಿ 11.20ಕ್ಕೆ ಏರಿಸಿದೆ, ಆ ಲಿಂಕಿನಿಂದಲೇ ಒಂದು ಸಲ ಕೊನೆವರೆಗೆ ಆಡಿದೆ.

ಮೂರನೇ ಮೆಟ್ಟಿಲನ್ನು ಮುರಿದ ಹಾಗೇ ಬಿಡಿಸಿದ್ದೇನೆ. ಮುಟ್ಟಿದರೆ ಅಜ್ಜಿ "ನಿಧಾನ" ಅನ್ನುತ್ತಾಳೆ.